ಸಾರ್ವಜನಿಕ ವಿಶ್ವವಿದ್ಯಾಲಯವನ್ನು ಸೇರುವ ಮುನ್ನ ಅರಿಯುವ ಬಗೆ: ಪ್ರವೇಶಾಕಾಂಕ್ಷಿಗಳಿಗೆ ಸಮಗ್ರ ಮಾರ್ಗದರ್ಶಿ

ಪ್ರವೇಶ ಬಯಸುವವರ ಕೈಗೆ ಮೊದಲು ಸಿಗುವುದು ವಿಶ್ವವಿದ್ಯಾಲಯವು ಅವರಿಗೆಂದೇ ಸಿದ್ಧಪಡಿಸಿದ ಸಾಮಗ್ರಿ: ಪ್ರಾಸ್ಪೆಕ್ಟಸ್, ಜಾಲತಾಣದ ಮುಖಪುಟ, ಆವರಣದ ಚಿತ್ರಗಳು, ಯಾವುದೋ ಪಟ್ಟಿಯಲ್ಲಿ ಪಡೆದ ಸ್ಥಾನ. ಇವುಗಳಲ್ಲಿ ಬಹುಪಾಲು ನಿಜವೇ ಇರುತ್ತದೆ, ಆದರೆ ಯಾವುದನ್ನು ಹೇಳಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಸಂಸ್ಥೆಯೇ ಆರಿಸಿಕೊಂಡಿರುತ್ತದೆ. ಅದೇ ಸಂಸ್ಥೆ ತನ್ನ ದೈನಂದಿನ ಆಡಳಿತಕ್ಕಾಗಿ ಬೇರೊಂದು ಬಗೆಯ ಕಾಗದಗಳನ್ನೂ ಹೊರಡಿಸುತ್ತಿರುತ್ತದೆ. ವೇಳಾಪಟ್ಟಿ, ಪರೀಕ್ಷಾ ನಿಯಮಾವಳಿ, ಫಲಿತಾಂಶದ ಅಧಿಸೂಚನೆ, ಸಭೆಯ ನಡಾವಳಿ, ವಾರ್ಷಿಕ ಲೆಕ್ಕಪತ್ರ, ನೇಮಕಾತಿಯ ಪ್ರಕಟಣೆ ಇವೆಲ್ಲ ಆ ಬಗೆಯವು. ಸಾರ್ವಜನಿಕರ ಹಣದಿಂದ, ಸಾರ್ವಜನಿಕ ಕಾನೂನಿನಡಿ ನಡೆಯುವ ವಿಶ್ವವಿದ್ಯಾಲಯದ ವಿಶೇಷವೆಂದರೆ ಈ ಎರಡನೆಯ ಬಗೆಯ ಕಾಗದಗಳಲ್ಲಿ ಅನೇಕವು ಯಾರು ಬೇಕಾದರೂ ಓದಬಹುದಾದ ಸ್ಥಿತಿಯಲ್ಲಿರುತ್ತವೆ. ಅವುಗಳನ್ನು ಎಲ್ಲಿ ಹುಡುಕಬೇಕು, ಹೇಗೆ ಓದಬೇಕು, ಓದಿದ್ದನ್ನು ಆವರಣದಲ್ಲಿ ಹೇಗೆ ಪರಿಶೀಲಿಸಬೇಕು ಎಂಬುದನ್ನು ಕ್ರಮವಾಗಿ ವಿವರಿಸುವುದು ಈ ಬರಹದ ಉದ್ದೇಶ. ಅರ್ಜಿಯ ಕೊನೆಯ ದಿನಕ್ಕೆ ಆರು ತಿಂಗಳು ಮೊದಲೇ ಈ ಕೆಲಸ ಆರಂಭಿಸಿದರೆ ಯಾವ ಹಂತದಲ್ಲೂ ಆತುರಪಡಬೇಕಾಗುವುದಿಲ್ಲ.

ಹೆಜ್ಜೆ 1: ಹೆಸರಿನ ಹಿಂದೆ ಇರುವ ಸಂಸ್ಥೆ ಯಾವುದೆಂದು ಖಚಿತಪಡಿಸಿಕೊಳ್ಳಿ

ವಿಶ್ವವಿದ್ಯಾಲಯದ ಹೆಸರು ಅನೇಕ ವೇಳೆ ದಾರಿ ತಪ್ಪಿಸುತ್ತದೆ. ಪ್ಯಾರಿಸ್ ವಿಶ್ವವಿದ್ಯಾಲಯವು 1968ರ ವಿದ್ಯಾರ್ಥಿ ಚಳವಳಿಯ ಬಳಿಕ 13 ಸ್ವತಂತ್ರ ವಿಶ್ವವಿದ್ಯಾಲಯಗಳಾಗಿ ಒಡೆಯಿತು; ಸೋರ್ಬಾನ್ ಎಂಬ ಹೆಸರನ್ನು ಇಂದು ಒಂದಕ್ಕಿಂತ ಹೆಚ್ಚು ಸಂಸ್ಥೆಗಳು ಧರಿಸಿವೆ, ಒಂದರ ಪ್ರವೇಶ ನಿಯಮ ಇನ್ನೊಂದಕ್ಕೆ ಅನ್ವಯಿಸುವುದಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ‘ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ’ ಮತ್ತು ‘ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ’ ಎರಡೂ ಸಾರ್ವಜನಿಕವೇ. ಆದರೆ 1960ರ ಮಾಸ್ಟರ್ ಪ್ಲಾನ್ ಮೊದಲನೆಯದಕ್ಕೆ ಸಂಶೋಧನೆಯ ಹೊಣೆಯನ್ನೂ, ಶಾಲೆ ಮುಗಿಸಿದವರಲ್ಲಿ ಮೇಲಿನ ಎಂಟನೆಯ ಒಂದು ಭಾಗದಿಂದ ಆಯ್ಕೆ ಮಾಡುವ ಅವಕಾಶವನ್ನೂ ನೀಡಿತು. ಎರಡನೆಯದು ಮುಖ್ಯವಾಗಿ ಬೋಧನೆಗೆ ಮೀಸಲಾಗಿ, ಮೇಲಿನ ಮೂರನೆಯ ಒಂದು ಭಾಗದವರಿಗೆ ತೆರೆದುಕೊಂಡಿತು. ಈ ಎರಡರಲ್ಲಿ ಯಾವುದು ಮೇಲು ಎಂಬುದಕ್ಕೆ ಎಲ್ಲರಿಗೂ ಸಲ್ಲುವ ಉತ್ತರವಿಲ್ಲ. ಪ್ರಯೋಗಾಲಯದಲ್ಲಿ ಸಂಶೋಧಕರ ಜೊತೆ ಕೆಲಸ ಮಾಡಬಯಸುವವರಿಗೂ, ಚಿಕ್ಕ ತರಗತಿಯಲ್ಲಿ ಅಧ್ಯಾಪಕರಿಂದ ನೇರವಾಗಿ ಕಲಿಯಬಯಸುವವರಿಗೂ ಉತ್ತರ ಬೇರೆ ಬೇರೆಯಾಗಿರುತ್ತದೆ.

ಆದ್ದರಿಂದ ಮೊದಲು ಮೂರು ಪ್ರಶ್ನೆಗಳಿಗೆ ಉತ್ತರ ಬರೆದುಕೊಳ್ಳಬೇಕು. ಈ ವಿಶ್ವವಿದ್ಯಾಲಯವನ್ನು ಸ್ಥಾಪಿಸಿದ ಕಾನೂನು ಯಾವುದು? ಅದಕ್ಕೆ ಹಣ ಕೊಡುವವರು ಕೇಂದ್ರ ಸರ್ಕಾರವೋ, ರಾಜ್ಯ ಅಥವಾ ಪ್ರಾಂತ ಸರ್ಕಾರವೋ? ನಾನು ದಿನವೂ ಕುಳಿತು ಪಾಠ ಕೇಳುವುದು ವಿಶ್ವವಿದ್ಯಾಲಯದ ವಿಭಾಗದಲ್ಲೋ, ಅದಕ್ಕೆ ಸಂಯೋಜಿತವಾದ ಕಾಲೇಜಿನಲ್ಲೋ?

ಮೂರನೆಯ ಪ್ರಶ್ನೆ ಅತಿ ಮುಖ್ಯವಾದದ್ದು. 1836ರಲ್ಲಿ ಲಂಡನ್ ವಿಶ್ವವಿದ್ಯಾಲಯವು ಪರೀಕ್ಷೆ ನಡೆಸಿ ಪದವಿ ಕೊಡುವ ಸಂಸ್ಥೆಯಾಗಿ ಆರಂಭವಾಯಿತು. ಬೋಧನೆಯ ಕೆಲಸ ಕಾಲೇಜುಗಳದ್ದಾಗಿತ್ತು. 1857ರಲ್ಲಿ ಕಲ್ಕತ್ತಾ, ಬಾಂಬೆ ಮತ್ತು ಮದ್ರಾಸುಗಳಲ್ಲಿ ಆರಂಭವಾದ ವಿಶ್ವವಿದ್ಯಾಲಯಗಳು ಇದೇ ಮಾದರಿಯನ್ನು ಅನುಸರಿಸಿದವು, ಅದರ ಛಾಯೆ ದಕ್ಷಿಣ ಏಷ್ಯಾದ ಉದ್ದಗಲಕ್ಕೂ ಇಂದಿಗೂ ಇದೆ. ಇಂತಹ ವ್ಯವಸ್ಥೆಯಲ್ಲಿ ಅಂಕಪಟ್ಟಿಯ ಮೇಲಿನ ಹೆಸರು ವಿಶ್ವವಿದ್ಯಾಲಯದ್ದು, ತರಗತಿ, ಅಧ್ಯಾಪಕರು, ಗ್ರಂಥಾಲಯ ಎಲ್ಲವೂ ಕಾಲೇಜಿನವು. ವಿಶ್ವವಿದ್ಯಾಲಯದ ಮುಖ್ಯ ಆವರಣದ ಸಂಶೋಧನಾ ಕೀರ್ತಿಯನ್ನು ನೋಡಿ ದೂರದ ಸಂಯೋಜಿತ ಕಾಲೇಜಿಗೆ ಸೇರಿದವರಿಗೆ ಆ ಕೀರ್ತಿಯಿಂದ ನೇರ ಪ್ರಯೋಜನ ಕಡಿಮೆ. ಕಾಲೇಜಿನಲ್ಲಿ ಓದುವವರು ಮುಂದಿನ ಹೆಜ್ಜೆಗಳೆಲ್ಲವನ್ನೂ ಕಾಲೇಜಿಗೆ ಒಮ್ಮೆ, ಪರೀಕ್ಷೆ ನಡೆಸುವ ವಿಶ್ವವಿದ್ಯಾಲಯಕ್ಕೆ ಒಮ್ಮೆ ಅನ್ವಯಿಸಿ ನೋಡಬೇಕು.

ಹೆಜ್ಜೆ 2: ಮಾನ್ಯತೆಯನ್ನು ಸಂಸ್ಥೆಯ ಹೊರಗೆ ನಿಂತು ಪರಿಶೀಲಿಸಿ

ಮಾನ್ಯತೆಯ ವಿಷಯದಲ್ಲಿ ವಿಶ್ವವಿದ್ಯಾಲಯದ ಸ್ವಂತ ಹೇಳಿಕೆಯನ್ನು ಆಧಾರವಾಗಿ ಇಟ್ಟುಕೊಳ್ಳಬಾರದು. ಮಾನ್ಯತೆ ನೀಡುವ ಸಂಸ್ಥೆಯ ಪಟ್ಟಿಯಲ್ಲಿಯೇ ಹೆಸರನ್ನು ಹುಡುಕಬೇಕು. ಭಾರತದಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗವು ಮಾನ್ಯ ವಿಶ್ವವಿದ್ಯಾಲಯಗಳ ಪಟ್ಟಿಯ ಜೊತೆಗೆ ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯನ್ನೂ ಪ್ರಕಟಿಸುತ್ತದೆ. ಇಂಗ್ಲೆಂಡಿನಲ್ಲಿ ಆಫೀಸ್ ಫಾರ್ ಸ್ಟೂಡೆಂಟ್ಸ್ ಸಂಸ್ಥೆಯ ನೋಂದಣಿ ಪುಸ್ತಕವಿದೆ. ಅಮೆರಿಕದಲ್ಲಿ ಶಿಕ್ಷಣ ಇಲಾಖೆಯ ದತ್ತಾಂಶ ಕೋಶವನ್ನು ನೋಡಬಹುದು. ಜರ್ಮನಿಯ ಅನಾಬಿನ್ ಎಂಬ ಕೋಶವು ಅನ್ಯದೇಶಗಳ ಪದವಿಗಳನ್ನು ತಾನು ಹೇಗೆ ಪರಿಗಣಿಸುತ್ತದೆ ಎಂಬುದನ್ನು ತಿಳಿಸುವುದರಿಂದ, ಮುಂದೆ ಅಲ್ಲಿ ಓದಬಯಸುವವರು ಈಗಲೇ ಅದನ್ನು ತೆರೆದು ನೋಡುವುದು ಲೇಸು.

ಸಾರ್ವಜನಿಕ ವಿಶ್ವವಿದ್ಯಾಲಯವೆಂದ ಮೇಲೆ ಈ ಪರಿಶೀಲನೆ ಏಕೆ ಎಂಬ ಪ್ರಶ್ನೆ ಬರಬಹುದು. ಸಂಸ್ಥೆಗೆ ಇರುವ ಮಾನ್ಯತೆ ಬೇರೆ, ಕೋರ್ಸಿಗೆ ಇರುವ ಮಾನ್ಯತೆ ಬೇರೆ ಎಂಬುದೇ ಅದಕ್ಕೆ ಕಾರಣ. ಎಂಜಿನಿಯರಿಂಗ್, ವೈದ್ಯಕೀಯ, ಔಷಧ ವಿಜ್ಞಾನ, ಕಾನೂನು, ಶುಶ್ರೂಷೆ, ವಾಸ್ತುಶಿಲ್ಪ ಮುಂತಾದ ವೃತ್ತಿಪರ ಕೋರ್ಸುಗಳಿಗೆ ಆಯಾ ವೃತ್ತಿಯ ಪರಿಷತ್ತಿನ ಅನುಮೋದನೆ ಪ್ರತ್ಯೇಕವಾಗಿ ಬೇಕಾಗುತ್ತದೆ, ಮತ್ತು ಹಳೆಯ ಪ್ರತಿಷ್ಠಿತ ವಿಶ್ವವಿದ್ಯಾಲಯವೊಂದು ಆರಂಭಿಸಿದ ಹೊಸ ಕೋರ್ಸಿಗೆ ಆ ಅನುಮೋದನೆ ಇನ್ನೂ ಬಂದಿರದೆ ಇರಬಹುದು. ಎಂಜಿನಿಯರಿಂಗ್ ಪದವಿಗಳನ್ನು ಪರಸ್ಪರ ಮಾನ್ಯ ಮಾಡುವ ವಾಷಿಂಗ್ಟನ್ ಒಪ್ಪಂದವು 1989ರಲ್ಲಿ ಆಯಿತು, ಭಾರತವು 2014ರಲ್ಲಿ ಅದರ ಪೂರ್ಣ ಸದಸ್ಯನಾಯಿತು. ಆದರೆ ಅದರ ಪ್ರಯೋಜನ ದೇಶದ ಎಲ್ಲ ಎಂಜಿನಿಯರಿಂಗ್ ಪದವಿಗಳಿಗೂ ದೊರೆಯುವುದಿಲ್ಲ; ನಿರ್ದಿಷ್ಟ ಮಟ್ಟದ ಮಾನ್ಯತೆ ಪಡೆದ ಕೋರ್ಸುಗಳಿಗೆ, ಆ ಮಾನ್ಯತೆಯ ಅವಧಿಯೊಳಗೆ ಮಾತ್ರ ಅದು ಸಲ್ಲುತ್ತದೆ. ಕೋರ್ಸಿನ ಪೂರ್ಣ ಹೆಸರು, ಮಾನ್ಯತೆಯ ಆರಂಭ ಮತ್ತು ಕೊನೆಯ ದಿನಾಂಕ, ಆವರಣದ ಹೆಸರು ಈ ಮೂರನ್ನೂ ಬರೆದಿಟ್ಟುಕೊಳ್ಳಿ. ಅವಧಿ ನೀವು ಓದುವ ವರ್ಷಗಳ ನಡುವೆಯೇ ಮುಗಿಯುವುದಾದರೆ, ನವೀಕರಣಕ್ಕೆ ಅರ್ಜಿ ಹೋಗಿದೆಯೇ ಎಂದು ವಿಭಾಗವನ್ನು ಲಿಖಿತವಾಗಿ ಕೇಳಿ.

ಮಾನ್ಯತೆಗಾಗಿ ವಿಶ್ವವಿದ್ಯಾಲಯವು ಸಲ್ಲಿಸುವ ವರದಿಯೇ ಇಲ್ಲಿ ಸಿಗುವ ದೊಡ್ಡ ಸಂಪತ್ತು. ಭಾರತದಲ್ಲಿ 1994ರಲ್ಲಿ ಸ್ಥಾಪಿತವಾದ, ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಮಾನ್ಯತೆ ನೀಡುವ ನ್ಯಾಕ್ ಸಂಸ್ಥೆಗೆ ವಿಶ್ವವಿದ್ಯಾಲಯಗಳು ಸ್ವ-ಅಧ್ಯಯನ ವರದಿಯನ್ನು ಸಲ್ಲಿಸುತ್ತವೆ. ಅದನ್ನು ತಮ್ಮ ಜಾಲತಾಣದಲ್ಲೂ ಇರಿಸುತ್ತವೆ, ಹೆಚ್ಚಾಗಿ ಆಂತರಿಕ ಗುಣಮಟ್ಟ ಭರವಸಾ ಕೋಶದ ಪುಟದಲ್ಲಿ. ಮಂಜೂರಾದ ಅಧ್ಯಾಪಕ ಹುದ್ದೆಗಳೆಷ್ಟು, ಭರ್ತಿಯಾದವೆಷ್ಟು, ಗ್ರಂಥಾಲಯಕ್ಕೆ ಮಾಡಿದ ವೆಚ್ಚವೆಷ್ಟು, ಪರೀಕ್ಷೆ ಮುಗಿದು ಎಷ್ಟು ದಿನಕ್ಕೆ ಫಲಿತಾಂಶ ಬಂತು ಎಂಬ ಬಗೆಯ ಅಂಕಿ-ಅಂಶಗಳು ಅದರಲ್ಲಿ ವರ್ಷವಾರು ಇರುತ್ತವೆ. ಕೊನೆಗೆ ದೊರೆತ ಶ್ರೇಣಿಯ ಅಕ್ಷರವನ್ನು ಎಲ್ಲರೂ ನೋಡುತ್ತಾರೆ, ನೂರಾರು ಪುಟಗಳ ವರದಿಯನ್ನು ಓದುವವರು ವಿರಳ. ನನ್ನ ಅಭಿಪ್ರಾಯದಲ್ಲಿ ಆ ಅಕ್ಷರಕ್ಕಿಂತ ವರದಿಯೇ ಹತ್ತು ಪಟ್ಟು ಹೆಚ್ಚು ತಿಳಿಸುತ್ತದೆ.

ಹೆಜ್ಜೆ 3: ವಿಶ್ವವಿದ್ಯಾಲಯವನ್ನು ಬಿಟ್ಟು ವಿಭಾಗವನ್ನು ಓದಿ

ಮೂರು ನಾಲ್ಕು ವರ್ಷಗಳ ಕಾಲ ವಿದ್ಯಾರ್ಥಿಯ ಬದುಕನ್ನು ರೂಪಿಸುವುದು ಒಂದು ವಿಭಾಗ, ಅದರ ಬೆರಳೆಣಿಕೆಯ ಅಧ್ಯಾಪಕರು, ಒಂದು ಕಚೇರಿ, ಒಂದೆರಡು ಪ್ರಯೋಗಾಲಯಗಳು. ಒಂದೇ ವಿಶ್ವವಿದ್ಯಾಲಯದೊಳಗೆ ಬಲಿಷ್ಠ ವಿಭಾಗವೂ ಸೊರಗಿದ ವಿಭಾಗವೂ ಅಕ್ಕಪಕ್ಕದ ಕಟ್ಟಡಗಳಲ್ಲಿ ಇರಬಹುದು. ಆದ್ದರಿಂದ ಈ ಹೆಜ್ಜೆಗೆ ಉಳಿದೆಲ್ಲವುಗಳಿಗಿಂತ ಹೆಚ್ಚು ಸಮಯವನ್ನು ಮೀಸಲಿಡಬೇಕು.

ಮೊದಲು ಪಠ್ಯಕ್ರಮವನ್ನು ಪೂರ್ಣವಾಗಿ ಇಳಿಸಿಕೊಂಡು, ಅದು ಯಾವ ವರ್ಷ ಅಂಗೀಕಾರವಾಯಿತು ಎಂಬುದನ್ನು ನೋಡಿ. ಬಳಿಕ ಕಡ್ಡಾಯ ಪತ್ರಿಕೆಗಳನ್ನೂ ಐಚ್ಛಿಕ ಪತ್ರಿಕೆಗಳನ್ನೂ ಬೇರೆ ಬೇರೆಯಾಗಿ ಬರೆದುಕೊಳ್ಳಿ. ಪ್ರಾಸ್ಪೆಕ್ಟಸ್‌ಗಳಲ್ಲಿ ಐಚ್ಛಿಕಗಳ ಪಟ್ಟಿ ಬಹಳ ಉದ್ದವಾಗಿರುತ್ತದೆ. ಆ ಪಟ್ಟಿಯಲ್ಲಿ ಇರುವುದಕ್ಕೂ ನಿಜವಾಗಿ ಬೋಧಿಸುವುದಕ್ಕೂ ಇರುವ ಅಂತರವನ್ನು ಅಳೆಯಲು ಒಂದು ಸರಳ ಉಪಾಯವಿದೆ: ವಿಭಾಗದ ಹಿಂದಿನ ಮೂರು ವರ್ಷಗಳ ತರಗತಿ ವೇಳಾಪಟ್ಟಿಗಳನ್ನು ಸಂಗ್ರಹಿಸಿ, ಪಟ್ಟಿಯಲ್ಲಿರುವ ಯಾವ ಐಚ್ಛಿಕಗಳು ವೇಳಾಪಟ್ಟಿಯಲ್ಲಿ ಕಾಣಿಸಿಕೊಂಡಿವೆ ಎಂದು ಗುರುತು ಹಾಕುತ್ತಾ ಹೋಗುವುದು. ವೇಳಾಪಟ್ಟಿ ಸಿಗದಿದ್ದರೆ ಪರೀಕ್ಷಾ ವೇಳಾಪಟ್ಟಿ ಸಾಕು, ಏಕೆಂದರೆ ಬೋಧಿಸದ ಪತ್ರಿಕೆಗೆ ಪರೀಕ್ಷೆಯೂ ಇರುವುದಿಲ್ಲ. ಹಳೆಯ ಪುಟಗಳನ್ನು ಜಾಲತಾಣದಿಂದ ತೆಗೆದುಹಾಕಿದ್ದರೆ, ಇಂಟರ್ನೆಟ್ ಆರ್ಕೈವ್ ಸಂಸ್ಥೆಯ ವೇಬ್ಯಾಕ್ ಮಷೀನ್‌ನಲ್ಲಿ ಆ ಪುಟದ ಹಿಂದಿನ ಆವೃತ್ತಿಗಳು ಉಳಿದಿರುವ ಸಾಧ್ಯತೆ ಇದೆ. ನೀವು ಯಾವ ಒಂದು ವಿಶೇಷ ವಿಷಯಕ್ಕಾಗಿ ಆ ವಿಭಾಗವನ್ನು ಆರಿಸುತ್ತಿದ್ದೀರೋ ಅದು ಮೂರು ವರ್ಷಗಳಲ್ಲಿ ಒಮ್ಮೆಯೂ ಬೋಧನೆಯಾಗಿಲ್ಲವೆಂದು ತಿಳಿದರೆ, ಆಯ್ಕೆಯನ್ನು ಮರುಪರಿಶೀಲಿಸಲು ಅದೊಂದೇ ಕಾರಣ ಸಾಕು.

ಕ್ರೆಡಿಟ್‌ಗಳ ಲೆಕ್ಕವನ್ನು ದೇಶಕ್ಕೆ ತಕ್ಕಂತೆ ಅರ್ಥ ಮಾಡಿಕೊಳ್ಳಬೇಕು. ಯುರೋಪಿನ ಇಸಿಟಿಎಸ್ ಪದ್ಧತಿಯಲ್ಲಿ ಒಂದು ಪೂರ್ಣ ವರ್ಷಕ್ಕೆ 60 ಕ್ರೆಡಿಟ್, ಅಂದರೆ ಸುಮಾರು 1,500ರಿಂದ 1,800 ಗಂಟೆಗಳ ಒಟ್ಟು ಶ್ರಮ. ಇದರಲ್ಲಿ ತರಗತಿಯ ಜೊತೆಗೆ ಸ್ವಂತ ಓದೂ ಪರೀಕ್ಷಾ ತಯಾರಿಯೂ ಸೇರಿವೆ. ಬ್ರಿಟನ್ನಿನಲ್ಲಿ ವರ್ಷಕ್ಕೆ 120 ಕ್ರೆಡಿಟ್, ಒಂದೊಂದಕ್ಕೆ 10 ಗಂಟೆ. ಭಾರತದ ಪದ್ಧತಿಯಲ್ಲಿ ಉಪನ್ಯಾಸದ ಒಂದು ಕ್ರೆಡಿಟ್ ಎಂದರೆ ವಾರಕ್ಕೆ ಒಂದು ಗಂಟೆಯ ತರಗತಿ. ಹೀಗಿರುವಾಗ ಎರಡು ದೇಶಗಳ ಕೋರ್ಸುಗಳನ್ನು ಕ್ರೆಡಿಟ್ ಸಂಖ್ಯೆಯಿಂದ ಹೋಲಿಸಿದರೆ ಏನೂ ತಿಳಿಯುವುದಿಲ್ಲ. ವಾರಕ್ಕೆ ಎಷ್ಟು ಗಂಟೆ ತರಗತಿ, ಎಷ್ಟು ಗಂಟೆ ಪ್ರಯೋಗಾಲಯ ಎಂದು ಲೆಕ್ಕ ಹಾಕಿದರೆ ಮಾತ್ರ ಹೋಲಿಕೆಗೆ ಅರ್ಥ ಬರುತ್ತದೆ.

ಇನ್ನು ಅಧ್ಯಾಪಕರ ವಿಷಯ. ವಿಭಾಗದ ಪುಟದಲ್ಲಿರುವ ಹೆಸರುಗಳಲ್ಲಿ ಎಷ್ಟು ಮಂದಿ ಕಾಯಂ, ಎಷ್ಟು ಮಂದಿ ಗುತ್ತಿಗೆ ಅಥವಾ ಅತಿಥಿ ಉಪನ್ಯಾಸಕರು, ಎಷ್ಟು ಮಂದಿ ನಿವೃತ್ತರು ಎಂಬುದನ್ನು ವಿಂಗಡಿಸಿ. ಅತಿಥಿ ಉಪನ್ಯಾಸಕರು ಕೆಳಮಟ್ಟದವರೆಂದು ಇದರ ಅರ್ಥವಲ್ಲ. ಅನೇಕ ವಿಭಾಗಗಳು ಅವರ ಶ್ರದ್ಧೆಯಿಂದಲೇ ನಡೆಯುತ್ತಿವೆ, ಅದಕ್ಕೆ ತಕ್ಕ ಗೌರವವೂ ಭದ್ರತೆಯೂ ಅವರಿಗೆ ದೊರೆಯದಿರುವುದು ಅನ್ಯಾಯವೇ ಸರಿ. ಆದರೆ ಪ್ರತಿ ವರ್ಷ ನೇಮಕಾತಿ ನವೀಕರಣವಾಗಬೇಕಾದ ವ್ಯವಸ್ಥೆಯಲ್ಲಿ ಸೆಮಿಸ್ಟರಿನ ಮೊದಲ ವಾರಗಳು ಪಾಠವಿಲ್ಲದೆ ಕಳೆದುಹೋಗುವ ಸಂಭವವಿರುತ್ತದೆ, ಎರಡು ವರ್ಷಗಳ ಪ್ರಾಜೆಕ್ಟಿಗೆ ಮಾರ್ಗದರ್ಶಕರು ಕೊನೆಯವರೆಗೆ ಉಳಿಯುತ್ತಾರೆಂಬ ಖಾತ್ರಿಯೂ ಇರುವುದಿಲ್ಲ. ಒಬ್ಬೊಬ್ಬ ಅಧ್ಯಾಪಕರ ಇತ್ತೀಚಿನ ಕೆಲಸವನ್ನು ಗೂಗಲ್ ಸ್ಕಾಲರ್‌ನಲ್ಲೋ ಸಂಶೋಧಕರಿಗೆ ಗುರುತಾಗಿ ಕೊಡುವ ಆರ್ಕಿಡ್ ಸಂಖ್ಯೆಯ ಮೂಲಕವೋ ನೋಡಬಹುದು, ಆದರೆ ಪ್ರಬಂಧಗಳ ಸಂಖ್ಯೆಯಿಂದ ಒಳ್ಳೆಯ ಬೋಧಕರನ್ನು ಗುರುತಿಸಲಾಗದು. ಸ್ನಾತಕ ಪದವಿಗೆ ಸೇರುವವರು ಕೇಳಬೇಕಾದ ಪ್ರಶ್ನೆ ಇದು: ಹೆಸರಾಂತ ಪ್ರಾಧ್ಯಾಪಕರು ಮೊದಲ ವರ್ಷದ ಪತ್ರಿಕೆ ಬೋಧಿಸುತ್ತಾರೆಯೇ, ಅಥವಾ ಅವರನ್ನು ಕಾಣುವುದು ಸ್ನಾತಕೋತ್ತರ ಹಂತದಲ್ಲಿ ಮಾತ್ರವೇ?

ಸಂಶೋಧನೆಗೆ ಸೇರುವವರು ಆ ವಿಭಾಗದಿಂದ ಹೊರಬಂದ ಮಹಾಪ್ರಬಂಧಗಳನ್ನು ಓದಬೇಕು. ಭಾರತದ ಪಿಎಚ್‌.ಡಿ. ಮಹಾಪ್ರಬಂಧಗಳು ಇನ್‌ಫ್ಲಿಬ್‌ನೆಟ್ ಕೇಂದ್ರದ ಶೋಧಗಂಗಾ ಕೋಶದಲ್ಲಿ ದೊರೆಯುತ್ತವೆ. ಬೇರೆ ದೇಶಗಳ ಅನೇಕ ವಿಶ್ವವಿದ್ಯಾಲಯಗಳು ತಮ್ಮದೇ ಕೋಶಗಳನ್ನು ತೆರೆದಿಟ್ಟಿವೆ. ನೋಂದಣಿಯ ವರ್ಷವನ್ನೂ ಸಲ್ಲಿಕೆಯ ವರ್ಷವನ್ನೂ ಹೋಲಿಸಿದರೆ ಆ ಮಾರ್ಗದರ್ಶಕರ ಬಳಿ ಪದವಿಗೆ ಎಷ್ಟು ಕಾಲ ಹಿಡಿಯುತ್ತದೆ ಎಂಬುದು ಗೊತ್ತಾಗುತ್ತದೆ. ಕೃತಜ್ಞತೆಯ ಪುಟವನ್ನು ಬಿಡದೆ ಓದಿ. ಉಪಕರಣ ಎಲ್ಲಿಂದ ಬಂತು, ಪ್ರಯೋಗಕ್ಕಾಗಿ ಬೇರೆ ಸಂಸ್ಥೆಗೆ ಹೋಗಬೇಕಾಯಿತೇ, ಶಿಷ್ಯವೇತನ ಕೊಟ್ಟವರು ಯಾರು, ಕಚೇರಿಯ ಸಿಬ್ಬಂದಿಯನ್ನು ನೆನೆದಿದ್ದಾರೆಯೇ ಎಂಬ ವಿವರಗಳು ಅಲ್ಲಿ ಯಾವ ಉದ್ದೇಶವೂ ಇಲ್ಲದೆ ಸಹಜವಾಗಿ ದಾಖಲಾಗಿರುತ್ತವೆ.

ಕೊನೆಯದಾಗಿ, ಹಳೆಯ ಪ್ರಶ್ನೆಪತ್ರಿಕೆಗಳು. ಐದು ವರ್ಷಗಳ ಪ್ರಶ್ನೆಪತ್ರಿಕೆಗಳನ್ನು ಸಾಲಾಗಿ ಇಟ್ಟು ನೋಡಿದರೆ, ವಿಭಾಗವು ವಿದ್ಯಾರ್ಥಿಯಿಂದ ಕಂಠಪಾಠವನ್ನು ಬಯಸುತ್ತದೆಯೋ ಆಲೋಚನೆಯನ್ನು ಬಯಸುತ್ತದೆಯೋ ಎಂಬುದು ಅರ್ಧ ಗಂಟೆಯಲ್ಲಿ ಸ್ಪಷ್ಟವಾಗುತ್ತದೆ.

ಹೆಜ್ಜೆ 4: ಅಂಕಿಗಳನ್ನು ಅವುಗಳ ವ್ಯಾಖ್ಯೆಯೊಂದಿಗೆ ಓದಿ

ರ‍್ಯಾಂಕಿಂಗ್ ಪಟ್ಟಿಗಳನ್ನು ತಿರಸ್ಕರಿಸಬೇಕಾಗಿಲ್ಲ, ಆದರೆ ಅವು ಏನನ್ನು ಅಳೆಯುತ್ತವೆ ಎಂದು ತಿಳಿದಿರಬೇಕು. 2003ರಲ್ಲಿ ಆರಂಭವಾದ ಶಾಂಘೈ ಪಟ್ಟಿಯಲ್ಲಿ ಶೇ 30ರಷ್ಟು ತೂಕವು ನೊಬೆಲ್ ಪ್ರಶಸ್ತಿ ಮತ್ತು ಫೀಲ್ಡ್ಸ್ ಪದಕ ಪಡೆದ ಹಳೆಯ ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ಮೀಸಲು; ಉಳಿದ ಬಹುಪಾಲು ಸಂಶೋಧನಾ ಪ್ರಕಟಣೆಗಳಿಗೆ. ಕ್ಯೂಎಸ್ ಪಟ್ಟಿಯಲ್ಲಿ ವಿದ್ವಾಂಸರ ಸಮೀಕ್ಷೆಯಿಂದ ಬರುವ ಖ್ಯಾತಿಗೆ ಬಹುಕಾಲ ಶೇ 40 ತೂಕವಿತ್ತು, 2024ರ ಆವೃತ್ತಿಯಿಂದ ಅದು ಶೇ 30ಕ್ಕೆ ಇಳಿಯಿತು. ತೂಕ ಬದಲಾದ ವರ್ಷ ವಿಶ್ವವಿದ್ಯಾಲಯಗಳ ಸ್ಥಾನಗಳೂ ಏರಿಳಿಯುತ್ತವೆ, ಅದಕ್ಕಾಗಿ ಆ ಸಂಸ್ಥೆಗಳಲ್ಲಿ ಏನೂ ಬದಲಾಗಬೇಕಾಗಿಲ್ಲ. ಭಾರತದ ಎನ್‌ಐಆರ್‌ಎಫ್ 2016ರಿಂದ ಪಟ್ಟಿ ಪ್ರಕಟಿಸುತ್ತಿದೆ; ಅದಕ್ಕಾಗಿ ಸಂಸ್ಥೆಗಳು ಸಲ್ಲಿಸುವ ಮೂಲ ದತ್ತಾಂಶವೂ ಬಹಿರಂಗವಾಗಿರುವುದರಿಂದ ಸ್ಥಾನದ ಬದಲು ಆ ದತ್ತಾಂಶವನ್ನೇ ಓದುವುದು ಒಳ್ಳೆಯದು.

ಪದವಿ ಪೂರೈಸಿದವರ ಪ್ರಮಾಣವನ್ನು ಎಚ್ಚರದಿಂದ ನೋಡಬೇಕು. ಅಮೆರಿಕದ ಅಧಿಕೃತ ಲೆಕ್ಕದಲ್ಲಿ ನಾಲ್ಕು ವರ್ಷದ ಪದವಿಯನ್ನು ಆರು ವರ್ಷಗಳೊಳಗೆ ಮುಗಿಸಿದವರನ್ನೂ ಪೂರೈಸಿದವರೆಂದೇ ಎಣಿಸಲಾಗುತ್ತದೆ. ನಾಲ್ಕೇ ವರ್ಷದ ಪ್ರಮಾಣ ಬೇಕೆಂದರೆ ಪ್ರತ್ಯೇಕವಾಗಿ ಹುಡುಕಬೇಕು. ಹೆಚ್ಚುವರಿ ಎರಡು ವರ್ಷಗಳೆಂದರೆ ಎರಡು ವರ್ಷಗಳ ಶುಲ್ಕ, ವಾಸದ ವೆಚ್ಚ ಮತ್ತು ಕೈತಪ್ಪಿದ ಸಂಬಳ. ಅಲ್ಲಿನ ಸರ್ಕಾರ ಆರಂಭಿಸಿದ ಕಾಲೇಜ್ ಸ್ಕೋರ್‌ಕಾರ್ಡ್ ಎಂಬ ತಾಣದಲ್ಲಿ ಪದವಿ ಪೂರೈಕೆ, ಸಾಲ, ನಂತರದ ಆದಾಯ ಇವುಗಳ ವಿವರಗಳನ್ನು ಸಂಸ್ಥೆವಾರು ನೋಡಬಹುದು.

ಉದ್ಯೋಗ ಪಡೆದವರ ಪ್ರಮಾಣದಲ್ಲಿ ಛೇದವೇ ಎಲ್ಲವನ್ನೂ ನಿರ್ಧರಿಸುತ್ತದೆ. ಒಂದು ತರಗತಿಯಲ್ಲಿ 100 ಮಂದಿ ಇದ್ದು, 60 ಮಂದಿ ಮಾತ್ರ ಪ್ಲೇಸ್‌ಮೆಂಟ್ ಕೋಶದಲ್ಲಿ ಹೆಸರು ನೋಂದಾಯಿಸಿ, ಅವರಲ್ಲಿ 54 ಮಂದಿಗೆ ಕೆಲಸ ಸಿಕ್ಕರೆ, ಸಂಸ್ಥೆಯು ಶೇ 90 ಎಂದು ಹೇಳಬಹುದು, ತರಗತಿಯ ಲೆಕ್ಕದಲ್ಲಿ ಅದು ಶೇ 54. ಸಂಬಳದ ಸರಾಸರಿಯನ್ನು ಒಬ್ಬಿಬ್ಬರ ದೊಡ್ಡ ಮೊತ್ತ ಮೇಲಕ್ಕೆತ್ತುವುದರಿಂದ, ಎಲ್ಲರನ್ನೂ ಸಾಲಾಗಿ ನಿಲ್ಲಿಸಿದಾಗ ನಟ್ಟನಡುವೆ ಬರುವವರ ಸಂಬಳವೆಷ್ಟು ಎಂದು ಕೇಳಿ. ಉತ್ತರ ಬಾರದಿದ್ದರೆ, ಬಾರಲಿಲ್ಲ ಎಂಬುದನ್ನೂ ಟಿಪ್ಪಣಿಯಲ್ಲಿ ಬರೆದುಕೊಳ್ಳಿ.

ಹೆಜ್ಜೆ 5: ಕಷ್ಟ ಬಂದಾಗ ಅನ್ವಯಿಸುವ ನಿಯಮಗಳನ್ನು ಮೊದಲೇ ಓದಿ

ಚೆನ್ನಾಗಿ ಓದಿ, ಆರೋಗ್ಯವಾಗಿದ್ದು, ಸಮಯಕ್ಕೆ ಸರಿಯಾಗಿ ಪದವಿ ಮುಗಿಸುವವರಿಗೆ ಎಲ್ಲ ವಿಶ್ವವಿದ್ಯಾಲಯಗಳೂ ಬಹುಮಟ್ಟಿಗೆ ಒಂದೇ. ಒಂದು ಪತ್ರಿಕೆಯಲ್ಲಿ ಅನುತ್ತೀರ್ಣರಾದಾಗ, ಕಾಯಿಲೆ ಬಿದ್ದಾಗ, ಮನೆಯ ಸಂಕಷ್ಟದಿಂದ ಒಂದು ಸೆಮಿಸ್ಟರ್ ಬಿಡಬೇಕಾದಾಗ, ಮೌಲ್ಯಮಾಪನ ತಪ್ಪಾಗಿದೆ ಎನ್ನಿಸಿದಾಗ ಅವುಗಳ ನಡುವಿನ ವ್ಯತ್ಯಾಸ ಹೊರಬರುತ್ತದೆ. ಪರೀಕ್ಷಾ ನಿಯಮಾವಳಿಯನ್ನು ತೆರೆದು ಈ ಪ್ರಶ್ನೆಗಳಿಗೆ ಉತ್ತರ ಹುಡುಕಿ: ಕನಿಷ್ಠ ಹಾಜರಾತಿ ಎಷ್ಟು, ವೈದ್ಯಕೀಯ ಕಾರಣಕ್ಕೆ ವಿನಾಯಿತಿ ಯಾರು ಕೊಡುತ್ತಾರೆ? ಬ್ಯಾಕ್‌ಲಾಗ್ ಉಳಿದರೆ ಮುಂದಿನ ವರ್ಷಕ್ಕೆ ಹೋಗಲು ಬಿಡುತ್ತಾರೆಯೇ, ಪೂರಕ ಪರೀಕ್ಷೆ ಅದೇ ವರ್ಷ ನಡೆಯುತ್ತದೆಯೇ, ಇಲ್ಲವೇ ಒಂದು ವರ್ಷ ಕಾಯಬೇಕೇ? ಮರುಮೌಲ್ಯಮಾಪನದ ಫಲಿತಾಂಶ ಮುಂದಿನ ಪರೀಕ್ಷೆಗೆ ಮೊದಲು ಬರುತ್ತದೆಯೇ? ಪದವಿ ಪೂರೈಸಲು ಗರಿಷ್ಠ ಎಷ್ಟು ವರ್ಷಗಳ ಅವಕಾಶವಿದೆ? ವಿಷಯ ಬದಲಿಸಲು, ಬೇರೆ ವಿಶ್ವವಿದ್ಯಾಲಯಕ್ಕೆ ವರ್ಗಾವಣೆ ಪಡೆಯಲು ದಾರಿ ಇದೆಯೇ? ಪ್ರವೇಶ ರದ್ದು ಮಾಡಿದರೆ ಯಾವ ದಿನಾಂಕದವರೆಗೆ ಎಷ್ಟು ಶುಲ್ಕ ಹಿಂದಿರುಗುತ್ತದೆ? ಕಿರುಕುಳದ ದೂರನ್ನು ಯಾರ ಬಳಿ ಒಯ್ಯಬೇಕು, ಆ ಸಮಿತಿಯ ಸದಸ್ಯರ ಹೆಸರುಗಳು ಪ್ರಕಟವಾಗಿವೆಯೇ?

ನಿಯಮ ಕಾಗದದ ಮೇಲಿರುವುದು, ಆಚರಣೆ ಬೇರೆ ಇರಬಹುದು. ಅದನ್ನು ಅಧಿಸೂಚನೆಗಳ ಸಂಗ್ರಹದಿಂದ ಪರೀಕ್ಷಿಸಬಹುದು. ಶೈಕ್ಷಣಿಕ ವೇಳಾಪಟ್ಟಿಯಲ್ಲಿ ಸೂಚಿಸಿದ ಪರೀಕ್ಷಾ ದಿನಾಂಕವನ್ನೂ ನಿಜವಾಗಿ ಪರೀಕ್ಷೆ ನಡೆದ ದಿನಾಂಕವನ್ನೂ, ಫಲಿತಾಂಶ ಪ್ರಕಟವಾದ ದಿನಾಂಕವನ್ನೂ ಹಿಂದಿನ ನಾಲ್ಕು ಸೆಮಿಸ್ಟರ್‌ಗಳಿಗೆ ಬರೆದುಕೊಳ್ಳಿ. ಫಲಿತಾಂಶ ತಡವಾದರೆ ಉನ್ನತ ವ್ಯಾಸಂಗದ ಪ್ರವೇಶವೂ ಉದ್ಯೋಗವೂ ಕೈತಪ್ಪುತ್ತವೆ. ವಿದ್ಯಾರ್ಥಿಗಳನ್ನು ಇಷ್ಟು ನೋಯಿಸುವ ಇನ್ನೊಂದು ಆಡಳಿತ ವೈಫಲ್ಯ ನನಗೆ ತಿಳಿದಿಲ್ಲ. ದಿನಾಂಕಗಳ ಅಂತರವನ್ನು ಯಾವ ಪ್ರಾಸ್ಪೆಕ್ಟಸ್ಸೂ ಹೇಳದು, ಅಧಿಸೂಚನೆಗಳಲ್ಲಿ ಅದು ಬರೆದೇ ಇರುತ್ತದೆ.

ಬೇಕಾದ ಮಾಹಿತಿ ಎಲ್ಲೂ ಪ್ರಕಟವಾಗಿಲ್ಲದಿದ್ದರೆ ಕಾನೂನಿನ ದಾರಿ ಇದೆ. ಭಾರತದಲ್ಲಿ 2005ರ ಮಾಹಿತಿ ಹಕ್ಕು ಕಾಯ್ದೆಯು ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ಅನ್ವಯಿಸುತ್ತದೆ, ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ಕೊಡಬೇಕು. ಉತ್ತರಪತ್ರಿಕೆಯನ್ನು ನೋಡುವ ಹಕ್ಕು ಪರೀಕ್ಷೆ ಬರೆದವರಿಗೆ ಇದೇ ಕಾಯ್ದೆಯಡಿ ಇದೆಯೆಂದು ಸುಪ್ರೀಂ ಕೋರ್ಟ್ 2011ರಲ್ಲಿ ಎತ್ತಿಹಿಡಿದಿದೆ. ಬ್ರಿಟನ್ನಿನ 2000ನೇ ಇಸವಿಯ ಮಾಹಿತಿ ಸ್ವಾತಂತ್ರ್ಯ ಕಾಯ್ದೆಯಲ್ಲಿ 20 ಕೆಲಸದ ದಿನಗಳ ಗಡುವಿದೆ. ಅಮೆರಿಕದಲ್ಲಿ ಆಯಾ ರಾಜ್ಯದ ಸಾರ್ವಜನಿಕ ದಾಖಲೆಗಳ ಕಾನೂನು ಇದೆ. ಅರ್ಜಿಯಲ್ಲಿ ‘ಬೋಧನೆ ಹೇಗಿದೆ’ ಎಂಬ ಅಭಿಪ್ರಾಯವನ್ನು ಕೇಳದೆ, ‘ಈ ವಿಭಾಗದಲ್ಲಿ ಮಂಜೂರಾದ ಹುದ್ದೆಗಳು ಮತ್ತು ಖಾಲಿ ಹುದ್ದೆಗಳ ಸಂಖ್ಯೆ’ ಎಂಬಂತೆ ದಾಖಲೆಯಲ್ಲಿ ಇರುವ ಸಂಗತಿಯನ್ನು ಕೇಳಬೇಕು.

ಹೆಜ್ಜೆ 6: ಶುಲ್ಕದ ಪೂರ್ಣ ಲೆಕ್ಕ ಹಾಕಿ

ಸಾರ್ವಜನಿಕ ವಿಶ್ವವಿದ್ಯಾಲಯದ ಶುಲ್ಕವು ವಿದ್ಯಾರ್ಥಿ ಯಾರೆಂಬುದನ್ನು ಅವಲಂಬಿಸಿರುತ್ತದೆ. ಅಮೆರಿಕದ ರಾಜ್ಯ ವಿಶ್ವವಿದ್ಯಾಲಯಗಳು ಆ ರಾಜ್ಯದ ನಿವಾಸಿಗಳಿಗೆ ಕಡಿಮೆ, ಹೊರಗಿನವರಿಗೆ ಹೆಚ್ಚು ಶುಲ್ಕ ವಿಧಿಸುತ್ತವೆ. ಜರ್ಮನಿಯ ಸಾರ್ವಜನಿಕ ವಿಶ್ವವಿದ್ಯಾಲಯಗಳಲ್ಲಿ ಮೊದಲ ಪದವಿಗೆ ಬೋಧನಾ ಶುಲ್ಕವಿಲ್ಲವೆಂಬ ಮಾತು ಬಹುಮಟ್ಟಿಗೆ ನಿಜ, ಆದರೆ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯವು 2017ರಿಂದ ಐರೋಪ್ಯ ಒಕ್ಕೂಟದ ಹೊರಗಿನವರಿಂದ ಶುಲ್ಕ ಪಡೆಯುತ್ತಿದೆ, ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯವೂ 2024ರ ಚಳಿಗಾಲದ ಸೆಮಿಸ್ಟರ್‌ನಿಂದ ಆರಂಭಿಸಿದೆ. ಭಾರತದಲ್ಲಿ ಒಂದೇ ಸರ್ಕಾರಿ ವಿಶ್ವವಿದ್ಯಾಲಯದೊಳಗೆ ಸಾಮಾನ್ಯ ಕೋರ್ಸು ಮತ್ತು ಸ್ವ-ಹಣಕಾಸು ಕೋರ್ಸು ಎಂಬ ಎರಡು ಬಗೆಗಳಿದ್ದು, ಎರಡರ ಶುಲ್ಕಗಳ ನಡುವೆ ದೊಡ್ಡ ಅಂತರವಿರಬಹುದು. ಬೋಧನಾ ಶುಲ್ಕದ ಜೊತೆಗೆ ಪರೀಕ್ಷೆ, ಪ್ರಯೋಗಾಲಯ, ಗ್ರಂಥಾಲಯ, ನೋಂದಣಿ, ವಿಮೆ, ಹಾಸ್ಟೆಲ್, ಘಟಿಕೋತ್ಸವದ ಶುಲ್ಕಗಳನ್ನೂ ಪದವಿಯ ಎಲ್ಲ ವರ್ಷಗಳಿಗೂ ಸೇರಿಸಿ ಕೂಡಿ. ವಿದ್ಯಾರ್ಥಿವೇತನದ ವಿಷಯದಲ್ಲಿ ಅದನ್ನು ಮುಂದುವರಿಸಲು ಎಷ್ಟು ಅಂಕ ಬೇಕು ಮತ್ತು ಹಣ ನಿಜವಾಗಿ ಯಾವ ತಿಂಗಳು ಕೈಸೇರುತ್ತದೆ ಎಂಬ ಎರಡು ಪ್ರಶ್ನೆಗಳನ್ನು ಮರೆಯಬಾರದು.

ಹೆಜ್ಜೆ 7: ಸಾಮಾನ್ಯ ಕೆಲಸದ ದಿನ ಆವರಣಕ್ಕೆ ಹೋಗಿ

ಪ್ರವೇಶಾಕಾಂಕ್ಷಿಗಳಿಗಾಗಿ ನಡೆಸುವ ಮುಕ್ತ ದಿನದಂದು ಎಲ್ಲ ಬಾಗಿಲುಗಳೂ ತೆರೆದಿರುತ್ತವೆ. ಸೆಮಿಸ್ಟರಿನ ನಡುವಿನ ಒಂದು ಸಾಮಾನ್ಯ ವಾರದ ದಿನ ಯಾವ ಬಾಗಿಲು ತೆರೆದಿದೆ ಎಂದು ನೋಡುವುದು ಮುಖ್ಯ. ತರಗತಿ ಆರಂಭವಾಗುವ ವೇಳೆಗೆ ತಲುಪುವಂತೆ ಸಾರ್ವಜನಿಕ ಸಾರಿಗೆಯಲ್ಲಿಯೇ ಹೋದರೆ ಪ್ರಯಾಣದ ಅನುಭವವೂ ಸಿಗುತ್ತದೆ. ಹೋಗುವ ಮೊದಲು ವಿಭಾಗದ ಮುಖ್ಯಸ್ಥರಿಗೆ ಪತ್ರ ಬರೆದು, ಒಂದು ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂರಲು ಅನುಮತಿ ಕೇಳಿ. ಅನೇಕರು ಸಂತೋಷದಿಂದ ಒಪ್ಪುತ್ತಾರೆ. ತರಗತಿಯಲ್ಲಿ ವಿದ್ಯಾರ್ಥಿಗಳು ಪ್ರಶ್ನೆ ಕೇಳುತ್ತಾರೆಯೇ, ಕೇಳಿದವರಿಗೆ ಯಾವ ಉತ್ತರ ಸಿಗುತ್ತದೆ ಎಂಬುದರ ಕಡೆ ಗಮನವಿರಲಿ.

ಗ್ರಂಥಾಲಯಕ್ಕೆ ಸಂಜೆಯ ಹೊತ್ತು ಹೋಗಿ. ಆಸನಗಳು ತುಂಬಿವೆಯೇ, ನಿಮ್ಮ ವಿಷಯದ ಕಪಾಟಿನಲ್ಲಿ ಕಳೆದ ಐದು ವರ್ಷಗಳಲ್ಲಿ ಬಂದ ಪುಸ್ತಕಗಳಿವೆಯೇ, ಯಾವ ಗಂಟೆಗೆ ಮುಚ್ಚುತ್ತದೆ ಎಂಬುದನ್ನು ನೋಡಿ. ಪ್ರಯೋಗಾಲಯದಲ್ಲಿ ಉಪಕರಣಗಳ ಸಂಖ್ಯೆಗಿಂತ ಅವುಗಳ ಬಳಕೆಯ ದಾಖಲೆ ಪುಸ್ತಕ ಹೆಚ್ಚು ಹೇಳುತ್ತದೆ. ಕೊನೆಯ ನಮೂದು ಯಾವ ತಿಂಗಳದ್ದೆಂದು ಸೌಜನ್ಯದಿಂದ ಕೇಳಬಹುದು. ಗಾಲಿಕುರ್ಚಿ ಬಳಸುವವರು, ದೃಷ್ಟಿ ಅಥವಾ ಶ್ರವಣ ದೋಷವುಳ್ಳವರು ತಮ್ಮ ತರಗತಿಗಳು ನಡೆಯುವ ಕಟ್ಟಡವನ್ನೇ ಖುದ್ದಾಗಿ ನೋಡಬೇಕು, ಏಕೆಂದರೆ ಮುಖ್ಯ ಕಟ್ಟಡದ ಇಳಿಜಾರು ದಾರಿ ಮೂರನೆಯ ಮಹಡಿಯ ಪ್ರಯೋಗಾಲಯಕ್ಕೆ ತಲುಪಿಸುವುದಿಲ್ಲ. ಹಾಸ್ಟೆಲ್ ಬೇಕಾದವರು ಅರ್ಜಿ ಹಾಕಿದವರಲ್ಲಿ ಎಷ್ಟು ಮಂದಿಗೆ ಮೊದಲ ವರ್ಷವೇ ಕೊಠಡಿ ಸಿಕ್ಕಿತು ಎಂದು ವಾರ್ಡನ್ ಕಚೇರಿಯಲ್ಲಿ ವಿಚಾರಿಸಬೇಕು.

ದೂರದ ಕಾರಣ ಹೋಗಲಾಗದವರು ಗ್ರಂಥಾಲಯದ ಆನ್‌ಲೈನ್ ಸೂಚಿಯಲ್ಲಿ ತಮ್ಮ ಪಠ್ಯಕ್ರಮದ ಪುಸ್ತಕಗಳನ್ನು ಹುಡುಕಬಹುದು, ವಿಭಾಗದ ಸಾರ್ವಜನಿಕ ಉಪನ್ಯಾಸಗಳ ಧ್ವನಿಮುದ್ರಣ ಕೇಳಬಹುದು. ಒಂದು ಸರಳ ಪ್ರಶ್ನೆಯನ್ನು ವಿಭಾಗದ ಕಚೇರಿಗೂ ಕುಲಸಚಿವರ ಕಚೇರಿಗೂ ಇಮೇಲ್ ಮಾಡಿ, ಉತ್ತರ ಬರಲು ಎಷ್ಟು ದಿನ ಹಿಡಿಯಿತೆಂದು ನೋಡುವುದು ದೂರದಿಂದ ಮಾಡಬಹುದಾದ ಅತ್ಯುತ್ತಮ ಪರೀಕ್ಷೆ.

ಹೆಜ್ಜೆ 8: ಜನರೊಂದಿಗೆ ಮಾತನಾಡಿ, ಆದರೆ ಅಭಿಪ್ರಾಯ ಕೇಳಬೇಡಿ

ಓದುತ್ತಿರುವ ವಿದ್ಯಾರ್ಥಿಗಳ ಬಳಿ ‘ಇಲ್ಲಿ ಹೇಗಿದೆ’ ಎಂದು ಕೇಳಿದರೆ ಆ ದಿನದ ಅವರ ಮನಸ್ಥಿತಿ ತಿಳಿಯುತ್ತದೆಯೇ ಹೊರತು ವಿಶ್ವವಿದ್ಯಾಲಯದ ಸ್ಥಿತಿ ತಿಳಿಯುವುದಿಲ್ಲ. ಕಳೆದ ವಾರ ಎಷ್ಟು ತರಗತಿಗಳು ನಡೆದವು, ಕಳೆದ ಸೆಮಿಸ್ಟರಿನ ಫಲಿತಾಂಶ ಯಾವಾಗ ಬಂತು, ಅಧ್ಯಾಪಕರನ್ನು ತರಗತಿಯ ಹೊರಗೆ ಕೊನೆಯ ಬಾರಿ ಭೇಟಿಯಾದದ್ದು ಯಾವಾಗ, ನಿಮ್ಮೊಂದಿಗೆ ಸೇರಿದವರಲ್ಲಿ ಬಿಟ್ಟುಹೋದವರು ಎಷ್ಟು ಮಂದಿ, ಏಕೆ ಬಿಟ್ಟರು ಎಂದು ನಡೆದ ಸಂಗತಿಗಳನ್ನು ಕೇಳಿ. ಕೊನೆಯ ವರ್ಷಕ್ಕಿಂತ ಒಂದು ವರ್ಷ ಹಿಂದಿರುವವರ ಮಾತಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ, ಏಕೆಂದರೆ ಅವರಿಗೆ ಸಾಕಷ್ಟು ಅನುಭವವಾಗಿರುತ್ತದೆ, ವಿದಾಯದ ಭಾವುಕತೆ ಇನ್ನೂ ಬಂದಿರುವುದಿಲ್ಲ. ವಿಶ್ವವಿದ್ಯಾಲಯವೇ ಆರಿಸಿ ಕೊಟ್ಟ ವಿದ್ಯಾರ್ಥಿ ರಾಯಭಾರಿಗಳ ಜೊತೆಗೆ, ಕ್ಯಾಂಟೀನಿನಲ್ಲೋ ಗ್ರಂಥಾಲಯದ ಮೆಟ್ಟಿಲ ಮೇಲೋ ಸಿಗುವ ಇಬ್ಬರು ಮೂವರನ್ನಾದರೂ ವಿಚಾರಿಸಿ. ಬೇರೆ ಊರು ಅಥವಾ ಬೇರೆ ಮಾಧ್ಯಮದಿಂದ ಬಂದು ಓದುತ್ತಿರುವವರು ಸಿಕ್ಕರೆ, ಮೊದಲ ಸೆಮಿಸ್ಟರಿನಲ್ಲಿ ಭಾಷೆಯ ತೊಡಕಿಗೆ ವಿಭಾಗದಿಂದ ಯಾವ ನೆರವು ದೊರೆಯಿತು ಎಂದು ತಪ್ಪದೆ ಕೇಳಿ.

ಅಧ್ಯಾಪಕರಿಗೆ ಬರೆಯುವ ಪತ್ರ ಚಿಕ್ಕದಾಗಿರಲಿ. ಜಾಲತಾಣದಲ್ಲಿ ಉತ್ತರವಿರುವ ಪ್ರಶ್ನೆ ಅದರಲ್ಲಿ ಬೇಡ. ಪಠ್ಯಕ್ರಮವನ್ನು ಓದಿರುವುದು ತಿಳಿಯುವಂತೆ ಒಂದೇ ನಿರ್ದಿಷ್ಟ ಪ್ರಶ್ನೆ ಕೇಳಿ, ‘ಮಾನ್ಯರೇ’ ಎಂದು ಆರಂಭಿಸಿ ನಿಮ್ಮ ಹೆಸರು ಮತ್ತು ಈಗಿನ ವ್ಯಾಸಂಗವನ್ನು ತಿಳಿಸಿದರೆ ಸಾಕು.

ಹೆಜ್ಜೆ 9: ಪ್ರವೇಶದ ದಾರಿಯನ್ನು ಬರೆದಿಟ್ಟುಕೊಳ್ಳಿ

ಪ್ರವೇಶ ವಿಧಾನ ದೇಶದಿಂದ ದೇಶಕ್ಕೆ ಬೇರೆ: ಬ್ರಿಟನ್ನಿನಲ್ಲಿ ಯುಕಾಸ್ ಎಂಬ ಕೇಂದ್ರೀಕೃತ ಅರ್ಜಿ ವ್ಯವಸ್ಥೆ, ಫ್ರಾನ್ಸಿನಲ್ಲಿ 2018ರಿಂದ ಅಂಥದ್ದೇ ಆದ ಪಾರ್ಕೂರ್‌ಸಪ್, ಭಾರತದ ಕೇಂದ್ರೀಯ ವಿಶ್ವವಿದ್ಯಾಲಯಗಳ ಸ್ನಾತಕ ಪದವಿಗೆ 2022ರಿಂದ ಸಿಯುಇಟಿ ಎಂಬ ಸಾಮಾನ್ಯ ಪ್ರವೇಶ ಪರೀಕ್ಷೆ. ಎಲ್ಲ ಕಡೆಯೂ ನೆನಪಿಡಬೇಕಾದ ಒಂದು ಸಂಗತಿಯೆಂದರೆ, ಕಟ್‌ಆಫ್ ಎಂಬುದು ಮೊದಲೇ ನಿಗದಿಯಾದ ಅರ್ಹತೆಯಲ್ಲ. ಆ ವರ್ಷ ಕೊನೆಯ ಸೀಟು ಪಡೆದವರ ಅಂಕ ಅಷ್ಟೆ. ಜರ್ಮನಿಯಲ್ಲಿ ಸೀಟು ಸೀಮಿತವಾಗಿರುವ ಕೋರ್ಸುಗಳಿಗೆ ಅನ್ವಯಿಸುವ ನ್ಯುಮೆರುಸ್ ಕ್ಲಾಸುಸ್ ಕೂಡ ಹೀಗೆಯೇ ಹುಟ್ಟುವ ಅಂಕಿ. ಕಳೆದ ವರ್ಷದ ಕಟ್‌ಆಫ್‌ಗಿಂತ ಸ್ವಲ್ಪ ಕಡಿಮೆ ಇದೆಯೆಂದು ಅರ್ಜಿಯನ್ನೇ ಹಾಕದೆ ಬಿಡುವುದು ಸರಿಯಲ್ಲ, ಹೆಚ್ಚಿದೆಯೆಂದು ಒಂದೇ ಅರ್ಜಿಯನ್ನು ನಂಬಿ ಕೂರುವುದೂ ಸರಿಯಲ್ಲ. ಮೂರು ನಾಲ್ಕು ವರ್ಷಗಳ ಏರಿಳಿತವನ್ನು ಮೀಸಲಾತಿ ವರ್ಗವಾರು, ಸುತ್ತುವಾರು ನೋಡಿ ನಿರ್ಧರಿಸಿ. ಜಾತಿ, ಆದಾಯ, ವಾಸಸ್ಥಳ, ಅಂಗವೈಕಲ್ಯದ ಪ್ರಮಾಣಪತ್ರಗಳಿಗೆ ಸಮಯ ಹಿಡಿಯುವುದರಿಂದ ಅವುಗಳ ಅರ್ಜಿ ಮೊದಲು ಹೋಗಲಿ. ಪ್ರಮಾಣಪತ್ರದ ನಮೂನೆಯೂ ಸಿಂಧುತ್ವದ ಅವಧಿಯೂ ಆ ವಿಶ್ವವಿದ್ಯಾಲಯ ಬಯಸಿದಂತೆಯೇ ಇವೆಯೇ ಎಂದು ಹೋಲಿಸಿ ನೋಡಿ.

ಪ್ರವೇಶ ದೊರೆತ ದಿನ ಇನ್ನೊಂದು ಕೆಲಸ ಬಾಕಿ ಇರುತ್ತದೆ. ಸಾಮಾನ್ಯವಾಗಿ ವಿದ್ಯಾರ್ಥಿಗೆ ಅನ್ವಯಿಸುವುದು ಅವರು ಸೇರಿದ ವರ್ಷದಲ್ಲಿ ಜಾರಿಯಲ್ಲಿದ್ದ ಪಠ್ಯಕ್ರಮ ಮತ್ತು ನಿಯಮಾವಳಿ. ಆದರೆ ಮರುವರ್ಷ ಪರಿಷ್ಕರಣೆಯಾದಾಗ ಹಳೆಯ ಪ್ರತಿ ಜಾಲತಾಣದಿಂದ ಮರೆಯಾಗುವುದುಂಟು. ಆ ವರ್ಷದ ಪಠ್ಯಕ್ರಮ, ಪರೀಕ್ಷಾ ನಿಯಮಾವಳಿ, ಶುಲ್ಕದ ಅಧಿಸೂಚನೆ, ಶುಲ್ಕ ವಾಪಸಾತಿಯ ನಿಯಮ ಮತ್ತು ಪ್ರಾಸ್ಪೆಕ್ಟಸ್ ಈ ಐದನ್ನೂ ಇಳಿಸಿಕೊಂಡು, ದಿನಾಂಕದೊಂದಿಗೆ ಎರಡು ಕಡೆ ಉಳಿಸಿ, ಪದವಿ ಪ್ರಮಾಣಪತ್ರ ಕೈಗೆ ಬರುವವರೆಗೆ ಜೋಪಾನವಾಗಿ ಇಟ್ಟುಕೊಳ್ಳಿ.